ಸದನದ ಕುರ್ಚಿ, ಹಾಡಿಯ ಅಧಿಕಾರ

2023ರ ಅಕ್ಟೋಬರ್ 14ರಂದು ಆಸ್ಟ್ರೇಲಿಯಾದ ಮತದಾರರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ದೇಶದ ಮೊದಲ ನಿವಾಸಿಗಳಾದ ಅಬಾರಿಜಿನಲ್ ಜನರನ್ನೂ ಟಾರೆಸ್ ಜಲಸಂಧಿಯ ದ್ವೀಪವಾಸಿಗಳನ್ನೂ ಸಂವಿಧಾನದಲ್ಲಿ ಗುರುತಿಸಿ, ಅವರಿಗೆ ಸಂಬಂಧಪಟ್ಟ ವಿಷಯಗಳಲ್ಲಿ ಸಂಸತ್ತಿಗೂ ಸರ್ಕಾರಕ್ಕೂ ಅಭಿಪ್ರಾಯ ತಿಳಿಸುವ ಒಂದು ಮಂಡಳಿ ರಚಿಸಬಹುದೇ ಎಂಬುದು ಆ ಪ್ರಶ್ನೆ. ಮಂಡಳಿಗೆ ‘ವಾಯ್ಸ್’ ಎಂದು ಹೆಸರಿಟ್ಟಿದ್ದರು. ಕಾನೂನು ಮಾಡುವ, ಕಾನೂನು ತಡೆಯುವ, ಹಣ ಹಂಚುವ ಯಾವ ಅಧಿಕಾರವೂ ಅದಕ್ಕಿರಲಿಲ್ಲ. ಸಲಹೆ ಕೊಡಬಹುದಿತ್ತು, ಅಷ್ಟೆ. ಅಷ್ಟನ್ನೂ ದೇಶ ಒಪ್ಪಲಿಲ್ಲ. ಶೇ 60ರಷ್ಟು ಮಂದಿ ಬೇಡ ಎಂದರು. ಆರು ರಾಜ್ಯಗಳಲ್ಲಿ ಒಂದರಲ್ಲೂ ಬಹುಮತ ಸಿಗಲಿಲ್ಲ.

ಬೇಡ ಎಂದವರೆಲ್ಲ ಆದಿವಾಸಿಗಳ ವಿರೋಧಿಗಳೆಂದು ತೀರ್ಮಾನಿಸುವುದು ಅನ್ಯಾಯ. ಒಂದು ಜನವರ್ಗಕ್ಕೆ ಮಾತ್ರ ಸಂವಿಧಾನದಲ್ಲಿ ಪ್ರತ್ಯೇಕ ಜಾಗ ಕೊಟ್ಟರೆ ಪ್ರಜೆಗಳಲ್ಲಿ ಭೇದ ಹುಟ್ಟುತ್ತದೆಂಬ ಅಳುಕು ಅನೇಕರಲ್ಲಿತ್ತು. ಆದಿವಾಸಿ ನಾಯಕರಲ್ಲೂ ಒಮ್ಮತವಿರಲಿಲ್ಲ. ಸೆನೆಟರ್ ಜಸಿಂಟಾ ನಂಪಿಜಿನ್ಪಾ ಪ್ರೈಸ್ ಇದು ದೇಶವನ್ನು ಒಡೆಯುತ್ತದೆಂದು ವಿರೋಧಿಸಿದರು. ಇನ್ನೊಬ್ಬ ಆದಿವಾಸಿ ಸೆನೆಟರ್ ಲಿಡಿಯಾ ಥಾರ್ಪ್ ಇದರಲ್ಲಿ ಅಧಿಕಾರವೇ ಇಲ್ಲ, ಮೊದಲು ಒಪ್ಪಂದವಾಗಲಿ ಎಂದು ವಿರೋಧಿಸಿದರು. ಆದರೆ ಒಳನಾಡಿನ ದೂರದ ಆದಿವಾಸಿ ಹಳ್ಳಿಗಳ ಮತಗಟ್ಟೆಗಳಲ್ಲಿ ಬಹುಪಾಲು ಮತ ಬೇಕು ಎಂಬುದರ ಪರವಾಗಿಯೇ ಬಿದ್ದಿತ್ತು. ದೇಶದ ಜನಸಂಖ್ಯೆಯಲ್ಲಿ ಆದಿವಾಸಿಗಳು ನೂರಕ್ಕೆ ನಾಲ್ಕರಷ್ಟೂ ಇಲ್ಲ. ಅವರ ಮಾತು ಕೇಳಬೇಕೋ ಬೇಡವೋ ಎಂಬುದನ್ನು ಉಳಿದ ತೊಂಬತ್ತಾರು ಮಂದಿ ತೀರ್ಮಾನಿಸಿದರು. ಜಗತ್ತಿನ ಎಲ್ಲ ಆದಿವಾಸಿ ಸಮುದಾಯಗಳ ರಾಜಕೀಯ ಪ್ರಾತಿನಿಧ್ಯದ ಪ್ರಶ್ನೆಯ ಬುಡದಲ್ಲಿ ಇರುವುದು ಈ ಲೆಕ್ಕವೇ. ತಲೆ ಎಣಿಸುವ ಪ್ರಜಾಪ್ರಭುತ್ವದಲ್ಲಿ, ನೆಲ ಕಳೆದುಕೊಂಡು ಸಂಖ್ಯೆಯಲ್ಲಿ ಅಲ್ಪರಾದವರು ಎಣಿಕೆಯಿಂದಲೇ ನ್ಯಾಯ ಪಡೆಯಲಾರರು.

ಆಸ್ಟ್ರೇಲಿಯಾದವರು ಸಂವಿಧಾನದಲ್ಲಿಯೇ ಜಾಗ ಕೇಳಿದ್ದಕ್ಕೆ ಕಾರಣವಿದೆ. 1901ರ ಸಂವಿಧಾನದ 127ನೇ ಕಲಮು ಜನಸಂಖ್ಯೆ ಲೆಕ್ಕ ಹಾಕುವಾಗ ಆದಿವಾಸಿಗಳನ್ನು ಸೇರಿಸಕೂಡದು ಎಂದಿತ್ತು. 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿ ಅದನ್ನು ತೆಗೆದುಹಾಕಿದರು. ನೋಯಿಸುವ ಸಾಲು ಹೋಯಿತು, ಆ ಜಾಗದಲ್ಲಿ ಬೇರೇನೂ ಬರಲಿಲ್ಲ. ಮೊದಲ ಆದಿವಾಸಿ ಸೆನೆಟರ್ ನೆವಿಲ್ ಬಾನರ್ ಸದನಕ್ಕೆ ಬಂದದ್ದು 1971ರಲ್ಲಿ. ಕೆಳಮನೆಗೆ ಕೆನ್ ವ್ಯಾಟ್ ಆಯ್ಕೆಯಾಗಲು 2010 ಆಗಬೇಕಾಯಿತು. 1992ರ ಮಾಬೊ ತೀರ್ಪಿನಲ್ಲಿ ಹೈಕೋರ್ಟು, ಬ್ರಿಟಿಷರು ಬಂದಾಗ ಈ ನೆಲ ಯಾರದೂ ಆಗಿರಲಿಲ್ಲವೆಂಬ ವಾದವನ್ನು ತಳ್ಳಿಹಾಕಿ ಆದಿವಾಸಿಗಳ ಭೂಮಿಯ ಹಕ್ಕನ್ನು ಎತ್ತಿಹಿಡಿಯಿತು. ಆದಿವಾಸಿಗಳೇ ಮತ ಹಾಕಿ ಆರಿಸುತ್ತಿದ್ದ ‘ಆಟ್ಸಿಕ್’ ಎಂಬ ಆಯೋಗವೊಂದು 1990ರಿಂದ ಕೆಲಸ ಮಾಡುತ್ತಿತ್ತು. 2005ರಲ್ಲಿ ಸಂಸತ್ತು ಒಂದು ಸಾಧಾರಣ ಕಾನೂನಿನಿಂದ ಅದನ್ನು ಮುಚ್ಚಿತು. ಸಂಸತ್ತು ಕೊಟ್ಟದ್ದನ್ನು ಸಂಸತ್ತೇ ಕಿತ್ತುಕೊಳ್ಳಬಹುದೆಂಬುದು ಆಗ ಅನುಭವಕ್ಕೆ ಬಂತು. 2017ರಲ್ಲಿ ಉಲುರು ಬಂಡೆಯ ಬಳಿ ಸೇರಿದ ಆದಿವಾಸಿ ಪ್ರತಿನಿಧಿಗಳು ಸಂವಿಧಾನದಲ್ಲಿಯೇ ಬರೆದಿಡಿ ಎಂದು ಕೇಳಿದ್ದರ ಹಿಂದೆ ಈ ಕಹಿ ಅನುಭವವಿತ್ತು. ಜನಮತಗಣನೆಯಲ್ಲಿ ಸೋತ ಮೇಲೂ ಕೆಲಸ ನಿಂತಿಲ್ಲ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ತನ್ನದೇ ಕಾಯ್ದೆಯಡಿ 2024ರಲ್ಲಿ ಆದಿವಾಸಿ ಮಂಡಳಿಗೆ ಚುನಾವಣೆ ನಡೆಸಿತು. ವಿಕ್ಟೋರಿಯಾ 2025ರ ಕೊನೆಯಲ್ಲಿ ಆದಿವಾಸಿಗಳೊಡನೆ ಒಪ್ಪಂದಕ್ಕೆ ಕಾನೂನಿನ ರೂಪ ಕೊಟ್ಟಿತು. ಇವೂ ಸಾಧಾರಣ ಕಾನೂನುಗಳೇ. ಮುಂದಿನ ಸರ್ಕಾರ ಮನಸ್ಸು ಮಾಡಿದರೆ ರದ್ದಾಗಬಹುದು.

ಪಕ್ಕದ ನ್ಯೂಜಿಲೆಂಡಿನ ಕತೆ ಬೇರೆ. ಅಲ್ಲಿ 1840ರಲ್ಲಿ ಬ್ರಿಟಿಷ್ ರಾಜಸತ್ತೆಗೂ ಮಾವೋರಿ ಮುಖಂಡರಿಗೂ ವೈಟಾಂಗಿ ಒಪ್ಪಂದ ಆಗಿತ್ತು. 1867ರಲ್ಲಿ ಮಾವೋರಿಗಳಿಗೆಂದು ಸಂಸತ್ತಿನಲ್ಲಿ ನಾಲ್ಕು ಸ್ಥಾನ ಇಟ್ಟರು. ಜನಸಂಖ್ಯೆಯ ಲೆಕ್ಕ ಹಿಡಿದಿದ್ದರೆ ಅದರ ಮೂರು ನಾಲ್ಕು ಪಟ್ಟು ಸಿಗಬೇಕಿತ್ತು. ನೂರಕ್ಕೂ ಹೆಚ್ಚು ವರ್ಷ ಅದು ನಾಲ್ಕೇ ಆಗಿ ಉಳಿಯಿತು. 1990ರ ದಶಕದಲ್ಲಿ ಚುನಾವಣಾ ಪದ್ಧತಿ ಬದಲಾದ ಮೇಲೆ ಮಾವೋರಿ ಮತದಾರರ ಸಂಖ್ಯೆಗೆ ತಕ್ಕಂತೆ ಸ್ಥಾನ ಹೆಚ್ಚುವ ವ್ಯವಸ್ಥೆ ಬಂತು. ಈಗ ಏಳು ಸ್ಥಾನಗಳಿವೆ. ಮಾವೋರಿ ಮೂಲದ ಮತದಾರ ತನ್ನ ಹೆಸರನ್ನು ಸಾಮಾನ್ಯ ಪಟ್ಟಿಯಲ್ಲಿ ಇಡಬೇಕೋ ಮಾವೋರಿ ಪಟ್ಟಿಯಲ್ಲಿ ಇಡಬೇಕೋ ಎಂಬುದನ್ನು ತಾನೇ ಆರಿಸಿಕೊಳ್ಳುತ್ತಾನೆ. ಮಾವೋರಿ ಕ್ಷೇತ್ರದಲ್ಲಿ ಮತ ಹಾಕುವವರು ಮಾವೋರಿ ಪಟ್ಟಿಯವರು ಮಾತ್ರ.

ನಾವು ನಿಂತು ಯೋಚಿಸಬೇಕಾದ ವ್ಯತ್ಯಾಸ ಇದು. ನಮ್ಮ ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಪರಿಶಿಷ್ಟ ಪಂಗಡದವರಾಗಿರಬೇಕು, ಮತ ಹಾಕುವವರು ಎಲ್ಲರೂ. 1932ರ ಪೂನಾ ಒಪ್ಪಂದದ ಬಳಿಕ ಪ್ರತ್ಯೇಕ ಮತದಾರ ಪಟ್ಟಿಯ ದಾರಿ ದಲಿತರಿಗೆ ಮುಚ್ಚಿತು. ಮುಂದೆ ಸಂವಿಧಾನ ಬರೆಯುವಾಗ ಆದಿವಾಸಿಗಳಿಗೂ ಜಂಟಿ ಮತದಾನದ ಪದ್ಧತಿಯೇ ಬಂತು. ಆ ತೀರ್ಮಾನದ ಹಿಂದೆ ದೇಶ ಒಡೆಯಬಾರದೆಂಬ ಕಾಳಜಿ ಇತ್ತು, ಅದನ್ನು ಕಡೆಗಣಿಸಲಾಗದು. ಆದರೆ ಪ್ರತ್ಯೇಕ ಪಟ್ಟಿ ಇರುವ ಕಡೆಯ ಫಲವನ್ನೂ ನೋಡಬೇಕು. 2003ರಲ್ಲಿ ನ್ಯೂಜಿಲೆಂಡಿನ ಮೇಲ್ಮನವಿ ನ್ಯಾಯಾಲಯ ಕಡಲತೀರದ ಮೇಲೆ ಮಾವೋರಿಗಳು ಹಕ್ಕು ಕೇಳಬಹುದೆಂದು ಹೇಳಿದಾಗ, ಸರ್ಕಾರ ಆ ಹಕ್ಕನ್ನು ಮೊಟಕುಗೊಳಿಸುವ ಕಾನೂನು ತಂದಿತು. ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದ ತಾರಿಯಾನಾ ಟೂರಿಯಾ ಪಕ್ಷವನ್ನೂ ಸ್ಥಾನವನ್ನೂ ಬಿಟ್ಟು, 2004ರ ಉಪಚುನಾವಣೆಯಲ್ಲಿ ಗೆದ್ದು, ಮಾವೋರಿ ಪಕ್ಷ ಕಟ್ಟಿದರು. ಅವರು ಉತ್ತರ ಹೇಳಬೇಕಾಗಿದ್ದದ್ದು ಮಾವೋರಿ ಮತದಾರರಿಗೆ. ಆ ಧೈರ್ಯ ಬಂದದ್ದು ಅಲ್ಲಿಂದ ಎಂದು ನನಗನಿಸುತ್ತದೆ. 2023ರ ಚುನಾವಣೆಯಲ್ಲಿ ಏಳು ಮಾವೋರಿ ಸ್ಥಾನಗಳಲ್ಲಿ ಆರನ್ನು ಆ ಪಕ್ಷ ಗೆದ್ದಿತು.

ಅಲ್ಲೂ ನೆಮ್ಮದಿ ಪೂರ್ತಿಯಿಲ್ಲ. ನ್ಯೂಜಿಲೆಂಡಿಗೆ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ. ಮಾವೋರಿ ಸ್ಥಾನಗಳನ್ನು ಸಂಸತ್ತು ಸರಳ ಬಹುಮತದಿಂದ ತೆಗೆದುಹಾಕಬಹುದು. ವೈಟಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆಯೊಂದು 2024ರಲ್ಲಿ ಬಂದಾಗ ಎಳೆಯ ಸಂಸದೆ ಹಾನಾ-ರಾಫಿತಿ ಮೈಪಿ-ಕ್ಲಾರ್ಕ್ ಸದನದಲ್ಲೇ ಅದರ ಪ್ರತಿ ಹರಿದು, ಮಾವೋರಿಗಳ ‘ಹಾಕಾ’ ಹಾಡಿ ಕುಣಿದರು. ಸಾವಿರಾರು ಜನ ವೆಲ್ಲಿಂಗ್ಟನ್ನಿಗೆ ನಡೆದು ಬಂದರು. 2025ರ ಏಪ್ರಿಲ್‌ನಲ್ಲಿ ಮಸೂದೆ 112ಕ್ಕೆ 11 ಮತಗಳಿಂದ ಬಿದ್ದುಹೋಯಿತು. ಬರೆದ ಸಂವಿಧಾನದ ರಕ್ಷಣೆ ಇಲ್ಲದ ಕಡೆ ರಕ್ಷಣೆಗೆ ನಿಂತದ್ದು ಸಂಘಟಿತ ಜನ.

ಉತ್ತರ ಯುರೋಪಿನ ಸಾಮಿ ಜನ ಪರಂಪರೆಯಿಂದ ಹಿಮಸಾರಂಗ ಮೇಯಿಸುವವರು. ನಾರ್ವೆ ಸರ್ಕಾರ ಆಲ್ಟಾ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ, 1979ರಲ್ಲಿ ಆಸ್ಲೊದ ಸಂಸತ್ತಿನ ಮುಂದೆ ಅವರು ಉಪವಾಸ ಕೂತರು. ಅಣೆಕಟ್ಟು ನಿಲ್ಲಲಿಲ್ಲ. ಆದರೆ ಆ ಹೋರಾಟದ ಬಿಸಿಗೆ 1987ರಲ್ಲಿ ಸಾಮಿ ಕಾಯ್ದೆ ಬಂತು, 1988ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು, 1989ರಲ್ಲಿ ಸಾಮಿಗಳದೇ ಸಂಸತ್ತು ತೆರೆಯಿತು. 39 ಸದಸ್ಯರು, ಆರಿಸುವವರು ಸಾಮಿಗಳೇ. ಇಷ್ಟೆಲ್ಲ ಇದ್ದೂ ಫೋಸೆನ್ ಎಂಬಲ್ಲಿ ಸಾರಂಗಗಳ ಚಳಿಗಾಲದ ಹುಲ್ಲುಗಾವಲಿನ ಮೇಲೆ ಗಾಳಿಯಂತ್ರಗಳು ಎದ್ದವು. ಅದು ಸಾಮಿಗಳ ಹಕ್ಕಿನ ಉಲ್ಲಂಘನೆ ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಕ ಯುವತಿಯರು ಸಚಿವಾಲಯದ ಬಾಗಿಲಲ್ಲಿ ಕೂತ ಮೇಲೆ ಸರ್ಕಾರ ಕ್ಷಮೆ ಕೇಳಿತು.

ಕೆನಡಾದಲ್ಲಿ ಆದಿವಾಸಿಗಳಿಗೆ ಮೀಸಲು ಸ್ಥಾನವಿಲ್ಲ. 1982ರ ಸಂವಿಧಾನದ 35ನೇ ಕಲಮು ಅವರ ಒಪ್ಪಂದಗಳನ್ನೂ ಹಕ್ಕುಗಳನ್ನೂ ಗುರುತಿಸುತ್ತದೆ. 1999ರಲ್ಲಿ ಇನುಯಿಟ್ ಜನ ಬಹುಸಂಖ್ಯಾತರಾಗಿರುವ ನುನಾವುಟ್ ಪ್ರದೇಶವೇ ರೂಪುಗೊಂಡಿತು. ಒಬ್ಬನೇ ಒಬ್ಬ ಪ್ರತಿನಿಧಿಯಿಂದ ಏನಾಗಬಹುದು ಎಂಬುದಕ್ಕೆ ಕೆನಡಾದ 1990ರ ಘಟನೆ ಸಾಕ್ಷಿ. ಆದಿವಾಸಿಗಳನ್ನು ಕೇಳದೆ ರೂಪಿಸಿದ ಮೀಚ್ ಲೇಕ್ ಎಂಬ ಸಂವಿಧಾನ ಸುಧಾರಣೆಗೆ ಮ್ಯಾನಿಟೋಬಾ ವಿಧಾನಸಭೆಯ ಒಪ್ಪಿಗೆ ಬೇಕಿತ್ತು. ಗಡುವು ಹತ್ತಿರ ಬಂದಿದ್ದರಿಂದ ನಿಯಮ ಸಡಿಲಿಸಲು ಸರ್ವಾನುಮತ ಬೇಕಾಯಿತು. ಓಜಿ-ಕ್ರೀ ಸಮುದಾಯದ ಶಾಸಕ ಎಲೈಜಾ ಹಾರ್ಪರ್ ಕೈಯಲ್ಲಿ ಹದ್ದಿನ ಗರಿ ಹಿಡಿದು ಇಲ್ಲ ಎಂದರು, ಮತ್ತೆ ಮತ್ತೆ ಇಲ್ಲ ಎಂದರು. ಇಡೀ ಸುಧಾರಣೆ ಬಿದ್ದುಹೋಯಿತು.

ಬೊಲಿವಿಯಾದ ಪಾಠ ಇನ್ನೂ ಗಂಭೀರ. 2006ರಲ್ಲಿ ಐಮಾರಾ ಸಮುದಾಯದ ಇವೊ ಮೊರಾಲೆಸ್ ಅಧ್ಯಕ್ಷರಾದರು. 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಆದಿವಾಸಿ ಭಾಷೆಗಳನ್ನು ಅಧಿಕೃತಗೊಳಿಸಿತು. ಕೆಳಮನೆಯಲ್ಲಿ ಸಣ್ಣ ಸಮುದಾಯಗಳಿಗೆ ಏಳು ಸ್ಥಾನ ಮೀಸಲಾದವು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಸಂವಿಧಾನ ಸಿಗುವುದು ಕಷ್ಟ. ಎರಡೇ ವರ್ಷದಲ್ಲಿ, ಅದೇ ಅಧ್ಯಕ್ಷರ ಸರ್ಕಾರ ಟಿಪ್ನಿಸ್ ಎಂಬ ಆದಿವಾಸಿ ಕಾಡಿನ ನಡುವೆ ಹೆದ್ದಾರಿ ತೆಗೆಯಲು ಹೊರಟಿತು. 2011ರಲ್ಲಿ ಕಾಲ್ನಡಿಗೆಯಲ್ಲಿ ರಾಜಧಾನಿಗೆ ಹೊರಟ ಕಾಡಿನ ಜನರ ಮೇಲೆ ಪೊಲೀಸರು ಕೈಮಾಡಿದರು. ಒತ್ತಡಕ್ಕೆ ಮಣಿದು ಕಾಡಿಗೆ ರಕ್ಷಣೆ ಕೊಡುವ ಕಾನೂನು ಮಾಡಿದ ಸರ್ಕಾರ 2017ರಲ್ಲಿ ಆ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ನಮ್ಮವನೇ ಸಿಂಹಾಸನದ ಮೇಲೆ ಕೂತರೂ, ಹಳ್ಳಿಯ ಕೈಯಲ್ಲಿ ‘ಬೇಡ’ ಎನ್ನುವ ಅಧಿಕಾರ ಇಲ್ಲದಿದ್ದರೆ ಕಾಡು ಉಳಿಯುವುದಿಲ್ಲ. ಚಿಲಿ ದೇಶ 2021ರಲ್ಲಿ ಸಂವಿಧಾನ ಬರೆಯುವ ಸಭೆಯ 155 ಸ್ಥಾನಗಳಲ್ಲಿ 17ನ್ನು ಆದಿವಾಸಿಗಳಿಗೆ ಇಟ್ಟಿತು, ಸಭೆ ಮಾಪುಚೆ ಸಮುದಾಯದ ಎಲಿಸಾ ಲೊಂಕೊನ್ ಅವರನ್ನು ತನ್ನ ಅಧ್ಯಕ್ಷೆಯಾಗಿ ಆರಿಸಿತು. ಆ ಸಭೆ ಬರೆದ ಕರಡನ್ನು 2022ರ ಸೆಪ್ಟೆಂಬರ್‌ನಲ್ಲಿ ಶೇ 62ರಷ್ಟು ಮತದಾರರು ತಿರಸ್ಕರಿಸಿದರು. ಮತ್ತೆ ಅದೇ ಎಣಿಕೆಯ ಲೆಕ್ಕ.

ಇನ್ನು ಭಾರತ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ ಈ ನಾಲ್ಕೇ ದೇಶ ವಿರೋಧಿಸಿದವು. ಭಾರತ ಪರವಾಗಿ ಮತ ಹಾಕಿತು. ಜೊತೆಗೆ, ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಆದರೂ ಆದಿವಾಸಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ ಮೊದಲ ದೇಶಗಳಲ್ಲಿ ಭಾರತ ಒಂದು, ಇದು ಹೆಮ್ಮೆಯಿಂದ ಹೇಳಬೇಕಾದ ಮಾತು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಜೈಪಾಲ್ ಸಿಂಗ್ ಮುಂಡಾ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರ ಎದ್ದು ನಿಂತರು. ಆದಿವಾಸಿಗಳಿಗೆ ಪ್ರಜಾಪ್ರಭುತ್ವ ಕಲಿಸಲು ಹೋಗಬೇಡಿ, ಅವರಿಂದಲೇ ಕಲಿಯಿರಿ ಎಂದು 1946ರ ಡಿಸೆಂಬರ್‌ನಲ್ಲಿ ಅವರು ಆ ಸಭೆಗೆ ಹೇಳಿದ್ದರು. ಕೊನೆಗೆ ಸಂವಿಧಾನದಲ್ಲಿ ಎರಡು ದಾರಿಗಳು ಮೂಡಿದವು. 330 ಮತ್ತು 332ನೇ ವಿಧಿಗಳು ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಸ್ಥಾನ ಮೀಸಲಿಟ್ಟವು. ಐದು ಮತ್ತು ಆರನೇ ಅನುಸೂಚಿಗಳು ಆದಿವಾಸಿ ಪ್ರದೇಶಗಳ ಆಡಳಿತಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿದವು.

ಮೊದಲ ದಾರಿ ನಡೆದಿದೆ. ಲೋಕಸಭೆಯ 543 ಸ್ಥಾನಗಳಲ್ಲಿ 47 ಪರಿಶಿಷ್ಟ ಪಂಗಡಗಳವು. ಹತ್ತು ವರ್ಷಕ್ಕೆಂದು ಆರಂಭವಾದ ಈ ಮೀಸಲಾತಿ ಮತ್ತೆ ಮತ್ತೆ ವಿಸ್ತರಣೆಯಾಗಿ, 104ನೇ ತಿದ್ದುಪಡಿಯಂತೆ 2030ರ ಜನವರಿವರೆಗೆ ಇದೆ. ಆದರೆ ಈ 47 ಮಂದಿ ಬೇರೆ ಬೇರೆ ಪಕ್ಷಗಳಲ್ಲಿ ಹಂಚಿಹೋಗಿದ್ದಾರೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಬಳಿಕ ಪಕ್ಷದ ವಿಪ್ ಮೀರಿದರೆ ಸದಸ್ಯತ್ವವೇ ಹೋದೀತು. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡಲು ಕೇಂದ್ರ ಅನುಮತಿ ನೀಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಬೇಕೆಂಬ ಕಟ್ಟನ್ನು ಸಡಿಲಿಸಿದಾಗ, ಗಟ್ಟಿಯಾಗಿ ಆಕ್ಷೇಪ ಎತ್ತಿದ್ದು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ. ಮೀಸಲು ಕ್ಷೇತ್ರದ ಸಂಸದರು ಪಕ್ಷಭೇದ ಮರೆತು ಒಂದಾಗಿ ಅದನ್ನು ತಡೆಯಲಿಲ್ಲ.

ಎರಡನೇ ದಾರಿ ಬಹುತೇಕ ಹಾಳು ಬಿದ್ದಿದೆ. ಈಶಾನ್ಯದ ನಾಲ್ಕು ರಾಜ್ಯಗಳಲ್ಲಿ ಆರನೇ ಅನುಸೂಚಿಯ ಸ್ವಾಯತ್ತ ಮಂಡಳಿಗಳು ಭೂಮಿ, ಅರಣ್ಯ, ಸಂಪ್ರದಾಯಗಳ ಬಗ್ಗೆ ಕಾನೂನು ಮಾಡಬಲ್ಲವು. ಲಡಾಖಿನ ಜನ ಇಂದು ಕೇಳುತ್ತಿರುವುದೂ ಅದನ್ನೇ. ಹತ್ತು ರಾಜ್ಯಗಳಿಗೆ ಅನ್ವಯಿಸುವ ಐದನೇ ಅನುಸೂಚಿಯಲ್ಲಿ ಅಧಿಕಾರ ಇರುವುದು ರಾಜ್ಯಪಾಲರ ಕೈಯಲ್ಲಿ. ಆದಿವಾಸಿಗಳಿಗೆ ಹಾನಿಯಾಗುವ ಕಾನೂನನ್ನು ತಮ್ಮ ಪ್ರದೇಶಕ್ಕೆ ಅನ್ವಯಿಸದಂತೆ ಅವರು ತಡೆಯಬಹುದು. ಆ ಅಧಿಕಾರ ಬಳಕೆಯಾದದ್ದು ತೀರಾ ಅಪರೂಪ. ಈ ಕೊರತೆ ತುಂಬಲೆಂದು ಭೂರಿಯಾ ಸಮಿತಿಯ ಶಿಫಾರಸಿನ ಮೇಲೆ 1996ರಲ್ಲಿ ‘ಪೆಸಾ’ ಕಾಯ್ದೆ ಬಂತು. ಗ್ರಾಮಸಭೆಯೇ ಮೊದಲು ಎಂಬುದು ಅದರ ತಿರುಳು. ಮಧ್ಯಪ್ರದೇಶ ಮತ್ತು ಛತ್ತೀಸಗಡ ಅದಕ್ಕೆ ನಿಯಮ ರೂಪಿಸಿದ್ದು 2022ರಲ್ಲಿ, ಕಾಯ್ದೆ ಬಂದು 26 ವರ್ಷಗಳಾದ ಮೇಲೆ.

ಹಾಗಿದ್ದರೂ ಗ್ರಾಮಸಭೆಗೆ ನಿಜವಾದ ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಒಡಿಶಾದ ನಿಯಮಗಿರಿ ಬೆಟ್ಟ ತೋರಿಸಿಕೊಟ್ಟಿದೆ. ಡೋಂಗ್ರಿಯಾ ಕೊಂಧರು ಆ ಬೆಟ್ಟವನ್ನು ದೇವರೆಂದು ಪೂಜಿಸುವವರು. ಅಲ್ಲಿನ ಬಾಕ್ಸೈಟ್ ಅಗೆಯಲು ವೇದಾಂತ ಕಂಪನಿ ಮತ್ತು ರಾಜ್ಯದ ಗಣಿ ನಿಗಮ ಮುಂದಾಗಿದ್ದವು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಅಲ್ಲಿನ ಗ್ರಾಮಸಭೆಗಳೇ ತಮ್ಮ ಧಾರ್ಮಿಕ, ಸಾಂಸ್ಕೃತಿಕ ಹಕ್ಕುಗಳ ಬಗ್ಗೆ ನಿರ್ಧರಿಸಲಿ ಎಂದಿತು. ಆ ಮಳೆಗಾಲದಲ್ಲಿ ಜಿಲ್ಲಾ ಮಟ್ಟದ ನ್ಯಾಯಾಧೀಶರ ಎದುರಿಗೆ 12 ಹಳ್ಳಿಗಳಲ್ಲಿ ಸಭೆ ಸೇರಿತು. 12ಕ್ಕೆ 12 ಹಳ್ಳಿಗಳೂ ಗಣಿ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿತು. ಕೆಲವೇ ಮನೆಗಳ ಹಳ್ಳಿಗಳ ಮಾತಿಗೆ ದೇಶದ ಆಡಳಿತ ತಲೆಬಾಗಿದ್ದು ನಮ್ಮ ಗಣರಾಜ್ಯದ ಚರಿತ್ರೆಯಲ್ಲಿ ದೊಡ್ಡ ಸಂಗತಿ. ಸದನದ ಯಾವ ಕುರ್ಚಿಯೂ ಮಾಡಲಾಗದ್ದನ್ನು ಗ್ರಾಮಸಭೆ ಮಾಡಿತು.

ನಮ್ಮ ಕರ್ನಾಟಕದ ಲೆಕ್ಕ ನೋಡೋಣ. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಇದ್ದದ್ದು ಎರಡೇ ಸ್ಥಾನ. ಈಗ 224ರಲ್ಲಿ 15. ಸುರಪುರ, ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮಾಂತರ, ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು, ಯಮಕನಮರಡಿ. ಹದಿನಾಲ್ಕು ಆದವು, ಎಲ್ಲವೂ ಬಯಲುಸೀಮೆ ಮತ್ತು ಉತ್ತರದವು. ದಕ್ಷಿಣದ ಕಾಡಂಚಿಗೆ ಸಿಕ್ಕಿರುವುದು ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ಒಂದೇ. ಸೋಲಿಗರ ನೆಲೆಯಾದ ಚಾಮರಾಜನಗರ ಜಿಲ್ಲೆಯಲ್ಲಿ, ಎರವರೂ ಜೇನುಕುರುಬರೂ ಇರುವ ಕೊಡಗಿನಲ್ಲಿ, ಕೊರಗರ ಕರಾವಳಿಯಲ್ಲಿ, ಸಿದ್ದಿಗಳ ಉತ್ತರ ಕನ್ನಡದಲ್ಲಿ ಒಂದೂ ಇಲ್ಲ.

ಇದಕ್ಕೆ ನಾಯಕ ಸಮುದಾಯದ ಕಡೆ ಬೆರಳು ತೋರಿಸುವುದು ತಪ್ಪು. ರಾಜ್ಯದ ಪರಿಶಿಷ್ಟ ಪಂಗಡಗಳಲ್ಲಿ ಮುಕ್ಕಾಲು ಪಾಲಿನಷ್ಟು ಜನ ಅವರು. ಅವರ ಬಡತನ, ಅವಮಾನ, ಹೋರಾಟ ಯಾವುದೂ ಸುಳ್ಳಲ್ಲ. ಸಂಖ್ಯೆ ಇರುವ ಕಡೆ ಕ್ಷೇತ್ರ ಬಂದಿದೆ. ತೊಡಕಿರುವುದು ಸಂಖ್ಯೆಯನ್ನು ಮಾತ್ರ ನಂಬಿದ ವ್ಯವಸ್ಥೆಯಲ್ಲಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ, ಕೊರಗರು 15 ಸಾವಿರದೊಳಗೆ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರು. ಗಡಿಯನ್ನು ಹೇಗೇ ಎಳೆದರೂ ಈ ಜನ ತಮ್ಮ ಮತಗಳಿಂದಲೇ ಒಬ್ಬ ಶಾಸಕನನ್ನು ಕಳಿಸಲಾರರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ. ಸಿದ್ದಿ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು ಅವರು. ಒಳ್ಳೆಯ ಹೆಜ್ಜೆ, ಆದರೆ ಆಳುವವರ ಮನಸ್ಸಿನ ಮೇಲೆ ನಿಂತದ್ದು.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಒಂದಂಗುಲವೂ ಇಲ್ಲ, ಹಾಗಾಗಿ ಪೆಸಾ ಕೂಡ ಇಲ್ಲ. ಉಳಿದಿರುವುದು ಅರಣ್ಯ ಹಕ್ಕು ಕಾಯ್ದೆ ಒಂದೇ. ಅದು ಫಲ ಕೊಟ್ಟ ಕಡೆ ಒಳ್ಳೆಯ ಫಲವನ್ನೇ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಅಲ್ಲಿನ ಸೋಲಿಗರ ಹಳ್ಳಿಗಳಾದ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವುದು ಮತ್ತೆ ಹಕ್ಕಾಯಿತು. ಹುಲಿಯೂ ಸೋಲಿಗರೂ ಒಂದೇ ಬೆಟ್ಟದಲ್ಲಿ ಇರಬಹುದೆಂದು ದೇಶಕ್ಕೆ ತೋರಿಸಿದ್ದು ಅವರು. ನಾಗರಹೊಳೆಯಲ್ಲಿ ಹಾಗಾಗಲಿಲ್ಲ. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಕಾಡಿನಿಂದ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ವರದಿ ಕೊಟ್ಟಿತು. ಆ ವರದಿ ಪೂರ್ತಿಯಾಗಿ ಜಾರಿಯಾಗಲೇ ಇಲ್ಲ. 2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿದಾಗ, ಸರ್ಕಾರ ಅವರನ್ನು ಅತಿಕ್ರಮಣಕಾರರಂತೆ ಕಂಡಿತು.

ಆದಿವಾಸಿಗಳು ಬಹುಸಂಖ್ಯಾತರಾಗಿರುವ ತಾಲ್ಲೂಕು ಕರ್ನಾಟಕದಲ್ಲಿ ಇಲ್ಲ, ಹೀಗಾಗಿ ಐದನೇ ಅನುಸೂಚಿ ಇಲ್ಲಿಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ತಾಲ್ಲೂಕನ್ನೇ ಘಟಕ ಮಾಡಬೇಕೆಂಬ ಕಟ್ಟಳೆ ಸಂವಿಧಾನದಲ್ಲಿಲ್ಲ. ಆಂಧ್ರ, ತೆಲಂಗಾಣಗಳಲ್ಲಿ ಹಳ್ಳಿ ಹಳ್ಳಿಯಾಗಿ ಪಟ್ಟಿ ಮಾಡಿ ಅನುಸೂಚಿತ ಪ್ರದೇಶ ಘೋಷಿಸಿದ್ದುಂಟು. ಎಚ್.ಡಿ. ಕೋಟೆ, ಹುಣಸೂರು, ಪೊನ್ನಂಪೇಟೆ, ಯಳಂದೂರು, ಹನೂರು ತಾಲ್ಲೂಕುಗಳ ಹಾಡಿ, ಪೋಡುಗಳನ್ನು ಅದೇ ರೀತಿ ಪಟ್ಟಿ ಮಾಡಬಹುದು. ಘೋಷಿಸುವವರು ರಾಷ್ಟ್ರಪತಿ, ಕೇಳಬೇಕಾದವರು ನಾವು. ಮೀಸಲಾತಿಯ ಗಡುವು 2030ರ ಜನವರಿಗೆ ಬರುತ್ತದೆ, ಕ್ಷೇತ್ರ ಮರುವಿಂಗಡಣೆಯ ಮಾತೂ ಎದ್ದಿದೆ. ಅದಕ್ಕೆ ಮುಂಚೆಯೇ ಕರ್ನಾಟಕ ವಿಧಾನಸಭೆ ಮೂರು ಕೆಲಸ ಮಾಡಲಿ. ಹಾಡಿಗಳನ್ನು ಐದನೇ ಅನುಸೂಚಿಗೆ ಸೇರಿಸುವಂತೆ ನಿರ್ಣಯ ಅಂಗೀಕರಿಸಲಿ, ಬಾಕಿ ಇರುವ ಸಮುದಾಯ ಅರಣ್ಯ ಹಕ್ಕಿನ ಅರ್ಜಿಗಳನ್ನು ಇತ್ಯರ್ಥ ಮಾಡಿಸಲಿ, ಕಾಡಿನ ಸಣ್ಣ ಸಮುದಾಯಗಳಿಗೆ ವಿಧಾನ ಪರಿಷತ್ತಿನಲ್ಲಿ ಸರದಿಯ ಮೇಲೆ ಒಂದು ಸ್ಥಾನ ಖಚಿತಪಡಿಸಲಿ. ಪಕ್ಷಭೇದವಿಲ್ಲದೆ ಈ ಬೇಡಿಕೆಯನ್ನು ಮುಂದಿಡಬೇಕಾದವರು ಮೊದಲಿಗೆ ಆ 15 ಮೀಸಲು ಕ್ಷೇತ್ರಗಳ ಶಾಸಕರೇ. ಅವರನ್ನು ಕೇಳಬೇಕಾದವರು ಆ ಕ್ಷೇತ್ರಗಳ ಮತದಾರರು.